ಉಪ್ಪುಗಾಳಿಯ ಅಂಗಳಕ್ಕೆ ಯಾವ ಮರ?

ತಲಪಾಡಿಯಿಂದ ಮಾಜಾಳಿಯವರೆಗೆ ಕಡಲಿಗೆ ಹತ್ತಿರ ಮನೆ ಕಟ್ಟಿಸಿದವರೆಲ್ಲ ಒಂದಲ್ಲ ಒಂದು ದಿನ ನರ್ಸರಿಗೆ ಹೋಗಿ ಕೇಳುವುದು ಒಂದೇ ಮಾತು: ಉಪ್ಪುಗಾಳಿಗೆ ಜಗ್ಗದ, ವರ್ಷವಿಡೀ ಹಸಿರಾಗಿರುವ, ನೆರಳು ಕೊಡುವ ಮರ ಯಾವುದಾದರೂ ಇದೆಯೇ? ನರ್ಸರಿಯವರ ಹತ್ತಿರ ಉತ್ತರ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಅದು ಗಾಳಿಮರ, ಆಮೇಲೆ ಅಕೇಶಿಯಾ, ಈಚೆಗೆ ಕೊನೊಕಾರ್ಪಸ್. ಇವೆಲ್ಲ ಬೇಗ ಬೆಳೆಯುತ್ತವೆ. ಬೇಗ ಬೆಳೆಯುವ ಗಿಡ ಬೇಗ ಮಾರಾಟವೂ ಆಗುತ್ತದೆ. ಅದೇ ಕರಾವಳಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ದಂಡೆಗಳಲ್ಲಿ, ದೇವಸ್ಥಾನದ ಹಿಂಬದಿಯ ಹೊಯ್ಗೆಯಲ್ಲಿ ಯಾರೂ ನೀರೆರೆಯದೆ, ಗೊಬ್ಬರ ಹಾಕದೆ ತಲೆಮಾರುಗಳಿಂದ ನಿಂತಿರುವ ಸುರಹೊನ್ನೆಯ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಈ ಲೇಖನವನ್ನು ಸುರಹೊನ್ನೆಯ ಪರವಾದ ವಕಾಲತ್ತು ಎಂದು ಯಾರಾದರೂ ತಿಳಿದರೆ ನನ್ನ ತಕರಾರಿಲ್ಲ. ಆದರೆ ಅದಕ್ಕೂ ಮುಂಚೆ ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಏಕೆಂದರೆ ಉಪ್ಪಿಗೆ ಯಾವ ಮರ ತಡೆಯುತ್ತದೆ ಎಂದು ಕೇಳುವವರು ಯಾವ ಉಪ್ಪು ಎಂದು ಹೇಳುವುದಿಲ್ಲ.

ಕಡಲಂಚಿನ ಗಿಡಕ್ಕೆ ಉಪ್ಪು ಮೂರು ದಾರಿಯಲ್ಲಿ ಬರುತ್ತದೆ. ಒಂದು ಗಾಳಿಯ ಉಪ್ಪು. ತೆರೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಏಳುವ ಸಣ್ಣ ಹನಿಗಳನ್ನು ಪಡುಗಾಳಿ ಹೊತ್ತು ತಂದು ಎಲೆಯ ಮೇಲೆ ಕೂರಿಸುತ್ತದೆ. ನೀರು ಆರಿ ಉಪ್ಪು ಉಳಿಯುತ್ತದೆ, ಮತ್ತೆ ರಾತ್ರಿಯ ತೇವಕ್ಕೆ ಕರಗುತ್ತದೆ, ಗಾಳಿಗೆ ಎಲೆಗಳು ಒಂದಕ್ಕೊಂದು ತಿಕ್ಕಿದ ಗೀರುಗಳ ಮೂಲಕ ಒಳಗೆ ಇಳಿಯುತ್ತದೆ. ಎರಡನೆಯದು ಮಣ್ಣಿನ ಉಪ್ಪು: ಉಬ್ಬರದ ನೀರು ನುಗ್ಗುವ ತಗ್ಗು ನೆಲದ್ದು. ಮೂರನೆಯದು ಬಾವಿಯ ಉಪ್ಪು: ಏಪ್ರಿಲ್–ಮೇ ಬಂತೆಂದರೆ ಸಿಹಿನೀರಿನ ಮಟ್ಟ ಇಳಿದು ಕಡಲ ನೀರು ಒಳಗೊಳಗೇ ಸರಿದು ಬರುತ್ತದಲ್ಲ, ಅದನ್ನೇ ನಾವು ಪೈಪ್ ಹಿಡಿದು ಗಿಡಕ್ಕೆ ಹಾಯಿಸುತ್ತೇವೆ.

ಈ ಮೂರನ್ನೂ ಒಂದೇ ಎಂದು ತಿಳಿದದ್ದರಿಂದ ಆದ ನಷ್ಟ ಸಣ್ಣದಲ್ಲ. ಗಾಳಿಯ ಉಪ್ಪನ್ನು ತಡೆಯುವ ಮರ ಬೇರಿಗೆ ಬಂದ ಉಪ್ಪನ್ನೂ ತಡೆಯಬೇಕೆಂದಿಲ್ಲ. ಬೇರಿನ ಉಪ್ಪನ್ನು ಜಗ್ಗದೆ ಸಹಿಸುವ ಕಾಂಡ್ಲ ಗಿಡ ಅಂಗಳದ ಒಣ ಹೊಯ್ಗೆಗೆ ಒಗ್ಗುವುದೂ ಇಲ್ಲ. ಕುಮಟಾ ಕಡೆಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿನ ನಡುವೆಯೇ ಕಗ್ಗ ಭತ್ತ ಬೆಳೆದ ರೈತರಿಗೆ ಈ ವ್ಯತ್ಯಾಸ ಬಾಯಿಪಾಠ. ಗಜನಿಯಲ್ಲಿ ಏನು ಹಾಕಬೇಕು, ಅದರ ದಂಡೆಯ ಮೇಲೆ ಏನು ಹಾಕಬೇಕು, ಮನೆಯ ಹಿತ್ತಿಲಿಗೆ ಏನು ಎಂಬುದನ್ನು ಅವರು ಎಂದೂ ಬೆರೆಸಿದವರಲ್ಲ. ಬೆರೆಸಿದವರು ನಾವು, ಕಡಲು ಕಾಣಬೇಕೆಂದು ಐದು ಸೆಂಟ್ಸ್ ಕೊಂಡವರು.

ನಮ್ಮ ಪಡುಕರಾವಳಿಯಲ್ಲಿ ಮಣ್ಣಿನ ಉಪ್ಪು ಎಲ್ಲರೂ ಹೆದರುವಷ್ಟು ದೊಡ್ಡ ತೊಂದರೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸಾವಿರ ಮಿಲಿಮೀಟರ್‌ನಷ್ಟು ಮಳೆ ಸುರಿಯುವ ನೆಲ ಇದು. ಹೊಯ್ಗೆ ಮಣ್ಣಿನಲ್ಲಿ ನಿಂತ ಉಪ್ಪನ್ನು ಅಷ್ಟು ನೀರು ತೊಳೆದು ಕೆಳಗೆ ಒಯ್ಯುತ್ತದೆ. ಮಳೆಗಾಲದ ಗಾಳಿ ಜೋರಾಗಿದ್ದರೂ ಎಲೆಯ ಮೇಲೆ ಕೂತ ಉಪ್ಪನ್ನು ಅದೇ ಮಳೆ ಗಂಟೆಗೊಮ್ಮೆ ತೊಳೆಯುತ್ತದೆ. ಗಿಡ ಸಾಯುವುದು ಆಮೇಲೆ. ಡಿಸೆಂಬರ್‌ನಿಂದ ಮೇವರೆಗೆ ಮಧ್ಯಾಹ್ನವಾದರೆ ಕಡಲಿನಿಂದ ಗಾಳಿ ಏಳುತ್ತದೆ, ತಿಂಗಳುಗಟ್ಟಲೆ ಒಂದು ಹನಿ ಮಳೆ ಇಲ್ಲ, ಎಲೆಯ ಮೇಲೆ ಉಪ್ಪು ದಿನದಿಂದ ದಿನಕ್ಕೆ ಸೇರುತ್ತ ಹೋಗುತ್ತದೆ, ಬುಡಕ್ಕೆ ಬರುವ ನೀರೂ ಸಪ್ಪೆಯಾಗಿ ಉಳಿದಿರುವುದಿಲ್ಲ. ನಮ್ಮ ಕಡಲಂಚಿನ ತೋಟದ ಪರೀಕ್ಷೆ ನಡೆಯುವುದು ಬೇಸಗೆಯಲ್ಲಿ, ಮಳೆಗಾಲದಲ್ಲಿ ಅಲ್ಲ. ಗಲ್ಫಿನಲ್ಲಿ ದುಡಿದು ಬಂದ ನಮ್ಮವರು ಅಲ್ಲಿನ ರಸ್ತೆಬದಿಯ ಹಸಿರನ್ನು ನೋಡಿ ಅದೇ ಗಿಡವನ್ನು ಇಲ್ಲಿ ಹುಡುಕುವಾಗ ಈ ಒಂದು ವಿಷಯ ಮರೆಯುತ್ತಾರೆ. ಅಲ್ಲಿ ಮಳೆಯಿಲ್ಲ, ಉಪ್ಪು ಮಣ್ಣಿನಲ್ಲೇ ಕೂಡಿ ಕೂಡಿ ಉಳಿಯುತ್ತದೆ. ಅಲ್ಲಿಯ ಮದ್ದು ಇಲ್ಲಿಯ ಕಾಯಿಲೆಗೆ ಬೇಕಾಗಿಲ್ಲ.

ಗಾಳಿಯ ಉಪ್ಪು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಪ್ರಯೋಗಾಲಯ ಬೇಡ. ಕಡಲ ಬದಿಯ ಕಾಂಪೌಂಡಿನ ಒಂದು ಮಾವಿನ ಮರವನ್ನು ಮಾರ್ಚ್ ತಿಂಗಳಲ್ಲಿ ಸುತ್ತು ಹಾಕಿ ನೋಡಿ. ಮೂಡು ಬದಿಯ ಎಲೆಗಳು ಸರಿಯಾಗಿಯೇ ಇರುತ್ತವೆ. ಪಡು ಬದಿಯ ಎಲೆಗಳ ತುದಿ ಕಂದಾಗಿ, ಆ ಕಂದು ಅಂಚಿನ ಗುಂಟ ಹಿಂದಕ್ಕೆ ಸರಿಯುತ್ತ ಬಂದಿರುತ್ತದೆ. ಸುಟ್ಟ ಭಾಗಕ್ಕೂ ಹಸಿರಿಗೂ ನಡುವೆ ತೆಳ್ಳಗೆ ಹಳದಿ ಗೆರೆ. ನೀರು ಸಾಲದೆ ಒಣಗಿದ್ದಾಗಿದ್ದರೆ ಮರ ಸುತ್ತಲೂ ಬಾಡುತ್ತಿತ್ತು. ಒಂದೇ ಮಗ್ಗುಲು ಸುಟ್ಟಿದೆ ಎಂದರೆ ಅದು ಗಾಳಿಯ ಉಪ್ಪು. ಹಾಗೆ ವರ್ಷ ವರ್ಷವೂ ಪಡು ಬದಿಯ ಮೊಗ್ಗುಗಳು ಸತ್ತು ಮೂಡು ಬದಿಯವು ಮಾತ್ರ ಉಳಿಯುವುದರಿಂದ ಕಡಲಂಚಿನ ಮರಗಳು ಊರ ಕಡೆಗೆ ಬಾಗಿದಂತೆ ಕಾಣುತ್ತವೆ. ಗಾಳಿ ಅವನ್ನು ಬಗ್ಗಿಸಿದ್ದು ಸ್ವಲ್ಪ, ಉಪ್ಪು ಕತ್ತರಿಸಿದ್ದು ಹೆಚ್ಚು.

ಇನ್ನು ಎಲೆ ಉದುರದ ಮರ ಎಂಬ ಬೇಡಿಕೆ. ಎಲೆ ಉದುರಿಸದ ಮರ ಭೂಮಿಯ ಮೇಲೆ ಇಲ್ಲ. ನಿತ್ಯಹಸಿರು ಮರವೂ ಎಲೆ ಬೀಳಿಸುತ್ತಲೇ ಇರುತ್ತದೆ, ಒಂದೇ ಸಲ ಬೋಳಾಗುವುದಿಲ್ಲ ಅಷ್ಟೆ. ಅಂಗಳ ಗುಡಿಸುವ ಕೆಲಸ ತಪ್ಪಲಿ ಎಂದು ನಿತ್ಯಹಸಿರನ್ನು ಬಯಸುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಕಡಲಿಗೆ ತಡೆಯುವ ಮರಗಳ ಎಲೆ ದಪ್ಪ, ಬಿದ್ದದ್ದು ಬೇಗ ಕೊಳೆಯುವುದೂ ಇಲ್ಲ. ಆದರೂ ಬೇಡಿಕೆಯಲ್ಲಿ ಅರ್ಥವಿದೆ. ಗಾಳಿ ತಡೆಯಬೇಕಾದದ್ದು ಬೇಸಗೆಯ ತಿಂಗಳುಗಳಲ್ಲಿ. ಆಗಲೇ ಬೋಳಾಗುವ ಮರ ಕಾವಲಿಗೆ ಬಾರದು.

ಈ ಒಂದು ಕಾರಣಕ್ಕೆ ಕಾಡುಬಾದಾಮಿಯನ್ನು ಪಟ್ಟಿಯಿಂದ ಬಿಡಬೇಕಾಗುತ್ತದೆ. ಉಪ್ಪಿಗೆ ಅದು ಗಟ್ಟಿಯೇ, ಅಂತಸ್ತು ಅಂತಸ್ತಾಗಿ ಚಾಚುವ ಕೊಂಬೆಗಳ ಚೆಲುವೂ ಇದೆ, ಆದರೆ ಎಲೆಯೆಲ್ಲ ಕೆಂಪಾಗಿ ಉದುರಿ ಮರ ಬೋಳಾಗುತ್ತದೆ. ಹೊಂಗೆ ಅಷ್ಟು ಬೋಳಾಗುವುದಿಲ್ಲ. ಬೇಸಗೆಯ ಮೊದಲಲ್ಲಿ ಕೆಲವೇ ದಿನ ಎಲೆ ಕಳೆದು ಮತ್ತೆ ಚಿಗುರುತ್ತದೆ. ಮೂಲತಃ ಹೊಳೆದಂಡೆ, ಕಡಲದಂಡೆಗಳ ಮರವೇ ಅದು. ಬೀಜ ಬಿತ್ತಿದರೆ ಏಳುತ್ತದೆ, ಬೇರು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಎಲೆಯ ಮೇಲೆ ಗಂಟುರೋಗದ ಗುಳ್ಳೆ ಏಳುವುದನ್ನು ನೋಡಿ ಬೇಸರಿಸುವವರಿದ್ದಾರೆ, ಮರಕ್ಕೇನೂ ಆಗುವುದಿಲ್ಲ. ಬುಗುರಿ ಮರವನ್ನು ನಾವು ಮರೆತದ್ದು ಏಕೆಂದು ನನಗೆ ಇಂದಿಗೂ ತಿಳಿಯದು. ಕೊಂಬೆ ಕಡಿದು ನೆಟ್ಟರೂ ಬರುತ್ತದೆ, ಬೇಗ ಬೆಳೆಯುತ್ತದೆ, ವರ್ಷವಿಡೀ ಹಸಿರು, ಬೆಳಿಗ್ಗೆ ಹಳದಿಯಾಗಿ ಅರಳಿದ ಹೂವು ಸಂಜೆಗೆ ನೇರಳೆ ಮಿಶ್ರಿತ ಕೆಂಪಾಗಿ ಮುದುಡುತ್ತದೆ, ಅಳಿವೆಯ ಉಪ್ಪುಮಣ್ಣಿನಲ್ಲೂ ನಿಲ್ಲುತ್ತದೆ. ಸವರಿ ಸಣ್ಣದಾಗಿ ಇಟ್ಟುಕೊಳ್ಳಲೂಬಹುದು. ಐದು ಸೆಂಟ್ಸ್ ಜಾಗದವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಒಂದು ಬುಗುರಿ ನೆಟ್ಟರೆ ಯಾವ ನಷ್ಟವೂ ಇಲ್ಲ.

ಬಕುಲ, ನಮ್ಮ ಕಡೆಯ ರೆಂಜೆ, ನಿತ್ಯಹಸಿರು, ಅಚ್ಚುಕಟ್ಟಾದ ದುಂಡು ತಲೆ, ಸಣ್ಣ ಹೂವಿನ ದೊಡ್ಡ ಪರಿಮಳ. ಆದರೆ ಅದಕ್ಕೆ ಮುಂದೆ ಒಂದು ಮರೆ ಇರಬೇಕು. ತೆರೆಯ ಎದುರಿಗೆ ಒಂಟಿಯಾಗಿ ನಿಲ್ಲಿಸಿದರೆ ಸೊರಗುತ್ತದೆ. ಗೇರಿನದ್ದೂ ಹೆಚ್ಚುಕಡಿಮೆ ಅದೇ ಕಥೆ. ಪೋರ್ಚುಗೀಸರು ತಂದ ಮರ ಕಡಲಂಚಿನ ಹೊಯ್ಗೆಯಲ್ಲೂ ಮುರಕಲ್ಲಿನ ನೆಲದಲ್ಲೂ ಬದುಕುತ್ತದೆ ನಿಜ, ಆದರೆ ಹೂ ಬಿಡುವ ಹೊತ್ತು ಬೇಸಗೆಯ ಉಪ್ಪುಗಾಳಿಯ ಹೊತ್ತೇ ಆದ್ದರಿಂದ ಫಸಲಿನ ಆಸೆ ಬಿಡಬೇಕು. ತೆಂಗಿನ ಮಾತನ್ನು ಇಲ್ಲಿ ಎತ್ತುವುದಿಲ್ಲ. ಉಪ್ಪಿಗೆ ಅದಕ್ಕಿಂತ ಗಟ್ಟಿ ಮರ ಅಂಗಳದಲ್ಲಿ ಇನ್ನೊಂದಿಲ್ಲ, ಆದರೆ ಅದರ ಅಡಿ ಕುರ್ಚಿ ಹಾಕಿ ಕೂರುವ ಧೈರ್ಯ ಯಾರಿಗಿದೆ?

ಕೊನೊಕಾರ್ಪಸ್ ವಿಷಯ ಚುಟುಕಾಗಿ. ಗಲ್ಫ್ ನಗರಗಳ ರಸ್ತೆಗಳಲ್ಲಿ ಗೋಡೆಯಂತೆ ಬೆಳೆಸಿದ ಈ ಗಿಡದ ಬೇರು ನೀರಿನ ಪೈಪು, ಚರಂಡಿ, ಅಡಿಪಾಯಗಳನ್ನು ಹುಡುಕಿಕೊಂಡು ಹೋಗುವ ದೂರು ಅಲ್ಲಿಯೂ ಇದೆ. ಹೂವಿನ ಧೂಳಿಗೆ ಅಲರ್ಜಿಯ ದೂರೂ ಇದೆ. ಗುಜರಾತ್ ಸರಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನಮ್ಮ ನರ್ಸರಿಗಳಲ್ಲಿ ಇನ್ನೂ ಸಾಲಾಗಿ ನಿಂತಿದೆ. ಬಾವಿ ಇರುವ ಅಂಗಳಕ್ಕೆ ಅದನ್ನು ತರಬೇಡಿ ಎಂಬುದಷ್ಟೇ ನನ್ನ ಮಾತು.

ಗಾಳಿಮರದ ವಿಚಾರ ಇಷ್ಟು ಸುಲಭವಲ್ಲ. ಕಾರವಾರದ ದೇವಬಾಗದಲ್ಲಿ ಗಾಳಿಮರದ ತೋಪಿನೊಳಗೆ ನಡೆದವರಿಗೆ ಅದರ ಸದ್ದು ಮರೆಯುವುದಿಲ್ಲ. ಉದುರು ಹೊಯ್ಗೆಯಲ್ಲಿ ಅದು ಬದುಕುವುದಕ್ಕೆ ಕಾರಣ ಬೇರಿನಲ್ಲಿರುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ. ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಉಣಿಸುತ್ತದೆ. ಸೂಜಿಯಂತಿರುವುದು ಎಲೆಯಲ್ಲ, ತೆಳುವಾದ ಹಸಿರು ಕಡ್ಡಿ. ನಿಜವಾದ ಎಲೆ ಆ ಕಡ್ಡಿಯ ಗಿಣ್ಣಿನಲ್ಲಿ ಹಲ್ಲಿನಷ್ಟು ಸಣ್ಣದಾಗಿ ಅಂಟಿಕೊಂಡಿರುತ್ತದೆ. ಉಪ್ಪಿಗೆ ಕೂರಲು ಜಾಗವೇ ಕಡಿಮೆ. ಹಾಗಾಗಿ ಅರಣ್ಯ ಇಲಾಖೆಗಳು ದಶಕಗಳ ಕಾಲ ಕಡಲಂಚಿಗೆ ಇದನ್ನೇ ನೆಟ್ಟವು, 2004ರ ಸುನಾಮಿಯ ನಂತರ ತಮಿಳುನಾಡಿನ ದಂಡೆಗೆ ಇನ್ನಷ್ಟು ನೆಡಲಾಯಿತು. ಸೌದೆಯಾಯಿತು, ಕಂಬವಾಯಿತು, ಬೇಗ ಕೈಗೂ ಬಂತು.

ಆದರೆ ಮನೆಯ ತೋಟಕ್ಕೆ ಅದು ಒಳ್ಳೆಯ ಜೊತೆಗಾರ ಅಲ್ಲ. ಬಿದ್ದ ಕಡ್ಡಿಗಳು ಗೇಣುದ್ದ ದಪ್ಪಕ್ಕೆ ಹಾಸಿಕೊಂಡು ಅಡಿಯಲ್ಲಿ ಬೇರೆ ಗಿಡ ಏಳಲು ಬಿಡುವುದಿಲ್ಲ, ಬೇಸಗೆಯಲ್ಲಿ ಬೆಂಕಿಗೆ ಹೊಂಚುಹಾಕುತ್ತಿರುತ್ತವೆ. ಆಯಸ್ಸು ಕಡಿಮೆ, ವಯಸ್ಸಾದ ಮರ ಬಿರುಗಾಳಿಗೆ ಬುಡಸಮೇತ ಉರುಳುತ್ತದೆ. ತೆರೆಯ ಅಂಚಿಗೆ ಒತ್ತಾಗಿ ನೆಟ್ಟರೆ ಕಡಲಾಮೆಗಳಿಗೆ ಮೊಟ್ಟೆಯಿಡಲು ಬೇಕಾದ ಬಿಸಿಲು ಬೀಳುವ ಬಯಲು ಹೊಯ್ಗೆ ಸಿಗದೆ ಹೋಗುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಂಥ ದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಬರುವ ನಾಡಿನಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಗಾಳಿಮರ ನೆಟ್ಟವರನ್ನು ನಾನು ದೂರುವುದಿಲ್ಲ. ಬೋಳು ದಂಡೆಯನ್ನು ಐದಾರು ವರ್ಷದಲ್ಲಿ ಮುಚ್ಚಬೇಕಾಗಿದ್ದವರಿಗೆ ಅದು ಸರಿಯಾದ ಮರವೇ. ಮೂರು ತಲೆಮಾರಿಗೆ ನೆರಳು ಬೇಕೆನ್ನುವವರಿಗೆ ಅಲ್ಲ.

ಹಾಗಾದರೆ ಸುರಹೊನ್ನೆ. ಆಫ್ರಿಕದ ಮೂಡಣ ಕರಾವಳಿಯಿಂದ ಹಿಡಿದು ನಮ್ಮ ದಂಡೆ, ಶ್ರೀಲಂಕಾ, ಇಂಡೋನೇಷ್ಯಾ ದಾಟಿ ಪೆಸಿಫಿಕ್ ದ್ವೀಪಗಳವರೆಗೆ ಬೆಚ್ಚಗಿನ ಕಡಲಂಚಿನುದ್ದಕ್ಕೂ ಇದೇ ಮರ. ಕಾಯಿಯ ಒಳಚಿಪ್ಪಿನಲ್ಲಿ ಬೆಂಡಿನಂಥ ಪದರ ಇರುವುದರಿಂದ ಅದು ಮುಳುಗದೆ ತೇಲುತ್ತ ಹೋಗಿ ಇನ್ನೊಂದು ದಂಡೆಗೆ ಹತ್ತುತ್ತದೆ. ಹವಾಯಿಗೆ ಮಾತ್ರ ಪಾಲಿನೇಷ್ಯದ ಜನ ದೋಣಿಯಲ್ಲಿ ಹೊತ್ತು ತಂದರೆನ್ನುತ್ತಾರೆ. ತಮಿಳರ ಸಂಗಂ ಕಾವ್ಯದಲ್ಲಿ ಕಡಲ ಸೀಮೆಯ ಗುರುತಿನ ಮರ ಪುನ್ನೈ ಇದೇ. ಚೆನ್ನೈನ ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಸ್ಥಳವೃಕ್ಷವೂ ಇದೇ. ಕೊಂಕಣದವರು ಉಂಡಿ ಎನ್ನುತ್ತಾರೆ. ನಮ್ಮಲ್ಲಿ ಬರೀ ಹೊನ್ನೆ ಎಂದು ಕೇಳಿದರೆ ನರ್ಸರಿಯವರು ಘಟ್ಟದ ಮೇಲಿನ ಹೊನ್ನೆಯನ್ನು, ಸಕ್ಕರೆ ಕಾಯಿಲೆಗೆ ಅದರ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರಲ್ಲ ಆ ಮರವನ್ನು, ಕೊಟ್ಟುಬಿಡಬಹುದು. ಅದು ಎಲೆ ಉದುರಿಸುವ ಮರ, ಕಡಲಂಚಿಗೆ ಹೇಳಿದ್ದಲ್ಲ. ಸುರಗಿಯೂ ಬೇರೆಯೇ ಮರ. ಗೊಂದಲ ಬೇಡವೆಂದರೆ ಎಲೆ ನೋಡಿ ತೆಗೆದುಕೊಳ್ಳಿ.

ಆ ಎಲೆಯನ್ನು ಒಮ್ಮೆ ಬಿಸಿಲಿಗೆ ಹಿಡಿಯಬೇಕು. ಅಂಗೈ ಉದ್ದ, ಕೆಲವೊಮ್ಮೆ ಗೇಣಿನಷ್ಟು. ಮೊಂಡು ತುದಿ, ಚರ್ಮದಂತೆ ದಪ್ಪ, ಮೇಲೆ ಎಣ್ಣೆ ಸವರಿದ ಹೊಳಪು. ನಡುನರದಿಂದ ಅಂಚಿನವರೆಗೆ ನೂರಾರು ಸಣ್ಣ ನರಗಳು ಒಂದರ ಮಗ್ಗುಲಲ್ಲಿ ಒಂದು, ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ, ಸಮಾನಾಂತರವಾಗಿ ಓಡುತ್ತವೆ. ಮಾವು, ಹಲಸು, ಹೊಂಗೆ ಯಾವುದರಲ್ಲೂ ಇಂಥ ನೇಯ್ಗೆ ಇಲ್ಲ. ತೊಟ್ಟು ಮುರಿದರೆ ಹಾಲಿನಂಥ ಅಂಟು ಒಸರುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಕಡಲ ಕಡೆಯ ಎಲೆಯೊಂದರ ಮೇಲೆ ಬೆರಳು ಎಳೆದು ನಾಲಿಗೆಗೆ ತಾಗಿಸಿದರೆ ಉಪ್ಪು. ಎಲೆಯಲ್ಲಿ ಮಾತ್ರ ಒಂದು ಸುಟ್ಟ ಕಲೆಯೂ ಕಾಣುವುದಿಲ್ಲ. ಮೇಲಿನ ಮೇಣದ ಪದರ ಉಪ್ಪನ್ನು ಒಳಗೆ ಬಿಡುವುದಿಲ್ಲ, ದಪ್ಪ ಎಲೆ ಗಾಳಿಗೆ ಹರಿದು ಗೀರು ಬೀಳುವುದೂ ಕಡಿಮೆ.

ಹೂವಿನ ಮಾತು ಹೇಳದೆ ಮುಂದೆ ಹೋಗಲಾರೆ. ಎಲೆಗಳ ಸಂದಿನಿಂದ ಇಳಿಬಿದ್ದ ಗೊಂಚಲು, ಬಿಳಿ ಎಸಳು, ನಡುವೆ ಹಳದಿ ಕೇಸರಗಳ ದಟ್ಟ ಕುಚ್ಚು, ಆ ಕುಚ್ಚಿನ ಮಧ್ಯೆ ಗುಲಾಬಿ ಬಣ್ಣದ ಪುಟ್ಟ ಗುಂಡು. ಅದೇ ಮುಂದೆ ಕಾಯಿಯಾಗುವುದು. ಪರಿಮಳ ತೆಳು, ಸಿಹಿ; ಸಂಪಿಗೆಯಂತೆ ತಲೆಗೆ ಏರುವುದಿಲ್ಲ. ವರ್ಷದಲ್ಲಿ ಸಾಮಾನ್ಯವಾಗಿ ಎರಡು ಸಲ ಹೆಚ್ಚಾಗಿ ಅರಳುತ್ತದೆ, ಬೇಸಗೆಯ ಕೊನೆಗೊಮ್ಮೆ, ಮಳೆ ಮುಗಿದ ಮೇಲೆ ಮತ್ತೊಮ್ಮೆ.

ನಮ್ಮ ಹಿರಿಯರಿಗೆ ಹೂವಿಗಿಂತ ಬೀಜ ಮುಖ್ಯವಾಗಿತ್ತು. ತಿರುಳಿನ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಸೀಮೆಎಣ್ಣೆ ಮನೆಮನೆಗೆ ಬರುವ ಮೊದಲು ಕರಾವಳಿಯ ಮನೆಗಳಲ್ಲಿ ದೀಪಕ್ಕೆ ಉರಿದದ್ದು ಕಡುಹಸಿರಿನ ಹೊನ್ನೆಣ್ಣೆ. ತಿನ್ನುವ ಎಣ್ಣೆ ಅಲ್ಲ, ಬೀಜ ವಿಷ. ಮಕ್ಕಳಿರುವ ಮನೆಯಲ್ಲಿ ನೆನಪಿಡಬೇಕು. ಈಗ ಅದೇ ಎಣ್ಣೆ ತಮನು ಎಂಬ ಪೆಸಿಫಿಕ್ ದ್ವೀಪದ ಹೆಸರಿನಲ್ಲಿ, ಬೆರಳುದ್ದದ ಶೀಶೆಯಲ್ಲಿ, ಚರ್ಮದ ಕಾಂತಿಗೆಂದು ಭಾರೀ ಬೆಲೆಗೆ ಮಾರಾಟವಾಗುತ್ತದೆ. ಡೊಂಕು ಕೊಂಬೆಗಳು ದೋಣಿಯ ಪಕ್ಕೆಗಳಿಗೆ ಹೇಳಿ ಮಾಡಿಸಿದಂತೆ ಒದಗುತ್ತಿದ್ದವು. ಇದರ ದಾಯಾದಿ, ಘಟ್ಟದ ಕಾಡಿನಲ್ಲಿ ನೆಟ್ಟಗೆ ಬೆಳೆಯುವ ಮರವನ್ನು ಬ್ರಿಟಿಷರು ಕೆನರಾದಿಂದ ಹಾಯಿಕಂಬಗಳಿಗೆಂದು ಸಾಗಿಸುತ್ತಿದ್ದರು. ದೀಪ ಹೋಯಿತು, ಹಾಯಿದೋಣಿ ಹೋಯಿತು. ಉಪಯೋಗ ತಪ್ಪಿದ ಮರವನ್ನು ಮತ್ತೆ ನೆಡುವವರಿಲ್ಲವಾದರು. ಕಡಲಕೊರೆತಕ್ಕೆ ಹೋದವು, ರಸ್ತೆಗೆ ಹೋದವು, ಅವುಗಳ ಜಾಗಕ್ಕೆ ಸಸಿ ಬರಲಿಲ್ಲ.

ಸುರಹೊನ್ನೆಯ ಮೇಲಿನ ದೊಡ್ಡ ಆರೋಪ ನಿಧಾನ ಎಂಬುದು. ಒಪ್ಪಬೇಕಾದ ಮಾತೇ. ಒಳ್ಳೆಯ ಜಾಗದಲ್ಲಿ ಮೊದಲ ಕೆಲವು ವರ್ಷ ವರ್ಷಕ್ಕೆ ಒಂದು ಮೀಟರ್‌ವರೆಗೂ ಏರುತ್ತದೆ, ಆಮೇಲೆ ಎತ್ತರ ಬಿಟ್ಟು ಅಗಲಕ್ಕೆ ಹೊರಡುತ್ತದೆ. ಕೊನೆಗೆ ಎಂಟರಿಂದ ಇಪ್ಪತ್ತು ಮೀಟರ್ ಎತ್ತರ, ಅಷ್ಟೇ ಅಗಲದ ತಲೆ. ಅಂಥ ಮರಕ್ಕೆ ಗೋಡೆಯಿಂದ ಎಂಟು ಮೀಟರಾದರೂ ದೂರ ಬೇಕು. ಗೋಲಿಗಿಂತ ದೊಡ್ಡ, ಗಟ್ಟಿ ಕಾಯಿಗಳು ಉದುರುವುದರಿಂದ ಕಾರು ನಿಲ್ಲಿಸುವ ಜಾಗದ ಮೇಲೆ, ನಡೆದಾಡುವ ಸಿಮೆಂಟ್ ದಾರಿಯ ಮೇಲೆ ಕೊಂಬೆ ಚಾಚದಂತೆ ನೋಡಿಕೊಳ್ಳಬೇಕು. ಕಾಲಡಿಗೆ ಸಿಕ್ಕರೆ ಜಾರಿಸುತ್ತವೆ. ನೆರಳು ಎಷ್ಟು ದಟ್ಟವೆಂದರೆ ಅಡಿಯಲ್ಲಿ ಹುಲ್ಲು ಬರುವುದಿಲ್ಲ, ಲಾನ್ ಆಸೆಯಿದ್ದವರು ಇದನ್ನು ನೆಡಬಾರದು. ತರಗೆಲೆ ಒಟ್ಟುಮಾಡಿ ಬುಡದಲ್ಲೇ ಬೆಂಕಿ ಹಾಕುವ ನಮ್ಮ ಬೇಸಗೆಯ ಅಭ್ಯಾಸ ಈ ಮರಕ್ಕೆ ಆಗದು. ಉಪ್ಪಿಗೆ ಅಷ್ಟು ಗಟ್ಟಿಯಾದ ಮರ ಬೆಂಕಿಗೆ ಬಲು ಮೆದು. ಚಳಿಗೂ ಹಾಗೆಯೇ, ಹಿಮ ಬೀಳುವ ಊರಿನ ಮಾತೇ ಬೇಡ.

ರೋಗದ ಕಡೆಯಿಂದ ಒಂದು ಎಚ್ಚರಿಕೆ ಸೆಶೆಲ್ಸ್ ದ್ವೀಪಗಳಿಂದ ಬರುತ್ತದೆ. ಅಲ್ಲಿ ಇದೇ ಮರವನ್ನು ತಕಮಕ ಎನ್ನುತ್ತಾರೆ, ಕಡಲದಂಡೆಯ ಚಿತ್ರಪಟಗಳಲ್ಲೆಲ್ಲ ಬಾಗಿ ನಿಂತಿರುವುದು ಅದೇ. ತೊಗಟೆ ಕೊರೆಯುವ ಸಣ್ಣ ದುಂಬಿಯೊಂದು ಹೊತ್ತು ತರುವ ಶಿಲೀಂಧ್ರದಿಂದ ಅಲ್ಲಿ ಸೊರಗುರೋಗ ಹರಡಿ 1990ರ ದಶಕದಲ್ಲಿ ಬಹಳ ಮರಗಳು ಸತ್ತವು. ನೀರು ಸಾಗಿಸುವ ನಾಳಗಳೇ ಕಟ್ಟಿಹೋಗುವುದರಿಂದ ಮದ್ದಿಗೆ ಹೆಚ್ಚು ಎಡೆಯಿಲ್ಲ. ಸತ್ತ ಮರ ಕಡಿದು ಸುಡುವುದೇ ದಾರಿ. ಕಡಲಂಚಿನುದ್ದಕ್ಕೂ ಒಂದೇ ಜಾತಿಯ ಮರ ನೆಡಿ ಎಂದು ನಾನು ಹೇಳದಿರಲು ಇದೂ ಒಂದು ಕಾರಣ. ಗಾಳಿಮರದ ಜಾಗಕ್ಕೆ ಸುರಹೊನ್ನೆಯ ತೋಪು ಬಂದರೆ ಮತ್ತೊಂದು ತಪ್ಪು ಅಷ್ಟೆ.

ಅಂಗಳದಲ್ಲೂ ಹಾಗೆ, ಮರ ಒಂಟಿಯಾಗಿ ಹೋರಾಡಬೇಕಾಗಿಲ್ಲ. ತೆರೆಗೆ ತೀರ ಹತ್ತಿರದ ಹೊಯ್ಗೆಯಲ್ಲಿ ಅಡುಂಬುಬಳ್ಳಿ ತಾನಾಗಿ ಹಬ್ಬಿರುತ್ತದೆ. ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಅದನ್ನು ಕಿತ್ತು ಹಾಕುವವರು ಹೊಯ್ಗೆ ಮನೆಯೊಳಗೆ ಬರುತ್ತದೆಂದು ಆಮೇಲೆ ಗೊಣಗುತ್ತಾರೆ. ಹೊಯ್ಗೆದಿಬ್ಬವನ್ನು ಸಪಾಟು ಮಾಡುವುದಂತೂ ಕಾನೂನಿಗೂ ವಿರುದ್ಧ. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಅದು ಅತಿ ಸೂಕ್ಷ್ಮ ಪ್ರದೇಶ. ಬಳ್ಳಿಯ ಹಿಂದೆ ಕೇದಗೆ, ಮುಂಡುಗದ ಬೇಲಿ. ಅದರ ಹಿಂದೆ ಸುರಹೊನ್ನೆ, ಬುಗುರಿ, ಹೊಂಗೆ ಬೆರೆತ ಸಾಲು. ಆ ಮರೆಯಲ್ಲಿ ರೆಂಜೆ, ಮಾವು, ಹೂಗಿಡ. ಮರದ ಸಾಲು ತನ್ನ ಎತ್ತರದ ಹತ್ತರಷ್ಟು ದೂರದವರೆಗೂ ಗಾಳಿಯ ಬಿರುಸನ್ನು ಇಳಿಸುತ್ತದೆ; ಕಲ್ಲಿನ ಕಾಂಪೌಂಡ್ ಗೋಡೆ ಹಾಗೆ ಮಾಡುವುದಿಲ್ಲ. ಸಂದಿಲ್ಲದ ಗೋಡೆಗೆ ಬಡಿದ ಗಾಳಿ ಮೇಲೇರಿ ಹಿಂದೆ ಸುಳಿಯಾಗಿ ಬೀಳುತ್ತದೆ, ಗೋಡೆಯ ಮರೆಯಲ್ಲಿ ಸುಖವಾಗಿದೆ ಎಂದು ನಾವು ತಿಳಿದ ಗಿಡವನ್ನೇ ತಿರುಚುತ್ತದೆ.

ನೆಡುವ ಕಾಲದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಮೊದಲ ಮಳೆಗೇ ನೆಡಬೇಕೆಂಬುದು ರೂಢಿ. ತೆರೆಗೆ ಎದುರಾದ ಜಾಗದಲ್ಲಿ ಜೂನ್–ಜುಲೈ ಗಾಳಿ ಎಳೆ ಗಿಡವನ್ನು ಅಲುಗಿಸಿ ಅಲುಗಿಸಿ ಬೇರು ಹಿಡಿಯಗೊಡುವುದಿಲ್ಲ, ಹಾಗಾಗಿ ಆಗಸ್ಟ್ ಕೊನೆಗೆ ಗಾಳಿ ಇಳಿದ ಮೇಲೆ ನೆಡಿ ಎನ್ನುವವರೂ ಇದ್ದಾರೆ. ಆದರೆ ಆಗ ನೆಟ್ಟರೆ ಬೇಸಗೆಯ ಮೊದಲು ಬೇರಿಗೆ ಸಿಗುವುದು ಮೂರೇ ತಿಂಗಳು. ನಾನು ಜೂನ್ ಪಕ್ಷದವನು, ಪಡು ಬದಿಗೆ ಮಡಲಿನ ತಟ್ಟಿ ಕಟ್ಟುವ ಷರತ್ತಿನ ಮೇಲೆ. ತೆಂಗಿನ ಮಡಲನ್ನು ಒತ್ತಾಗಿ ಹೆಣೆಯಬಾರದು. ಅರ್ಧ ಗಾಳಿ ತೂರಿ ಹೋಗುವಷ್ಟು ಸಂದು ಇರಬೇಕು. ಎರಡು ಬೇಸಗೆ ಕಳೆಯುವವರೆಗೆ ತಟ್ಟಿ ಇರಲಿ, ಮಡಲು ಲಡ್ಡಾದಂತೆ ಬದಲಿಸುತ್ತಿರಿ.

ಹೊಂಡ ಎರಡಡಿ ಸಾಕು, ಆದರೆ ಹೊಯ್ಗೆಯಲ್ಲಿ ನೀರು ನಿಲ್ಲುವುದಿಲ್ಲ. ತೆಂಗಿಗೆ ಮಾಡುವ ಹಾಗೆ ತಳದಲ್ಲಿ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಒಂದು ಸಾಲು ಹಾಸಿ, ಮೇಲೆ ಕೆಂಪುಮಣ್ಣು, ಹಟ್ಟಿಗೊಬ್ಬರ ಬೆರೆಸಿ ತುಂಬಬೇಕು. ಬುಡಕ್ಕೆ ತರಗೆಲೆ ದಪ್ಪಗೆ ಹೊದೆಸಿ. ಕಾಂಡಕ್ಕೆ ಮಾತ್ರ ತಾಗದಿರಲಿ. ಕಡಲಪಾಚಿ ತಂದು ಹಾಕುವುದಾದರೆ ಮಳೆಗೆ ಒಂದಷ್ಟು ದಿನ ತೊಳೆದು ಹಾಕಿ. ರಾಸಾಯನಿಕ ಗೊಬ್ಬರವೂ ಉಪ್ಪೇ ಎಂಬುದನ್ನು ಬೇಸಗೆಯಲ್ಲಿ ನೆನಪಿಟ್ಟುಕೊಂಡರೆ ಒಳ್ಳೆಯದು.

ನೀರಿನ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಕುಡಿಯುವ ನೀರು ನೋಡುವ ಪೆನ್ನಿನಂಥ ಟಿಡಿಎಸ್ ಮೀಟರ್ ಈಗ ಅನೇಕ ಮನೆಗಳಲ್ಲಿದೆ. ಅದನ್ನೇ ಏಪ್ರಿಲ್‌ನಲ್ಲಿ ಬಾವಿಗೆ ಅದ್ದಿ ನೋಡಿ. ಲೀಟರಿಗೆ 450 ಮಿಲಿಗ್ರಾಂ ಒಳಗಿದ್ದರೆ ಯಾವ ಗಿಡಕ್ಕೂ ಚಿಂತೆಯಿಲ್ಲ. 2000 ದಾಟಿತೆಂದರೆ ಅದನ್ನು ನೀರಾವರಿಗೆ ಬಳಸಲು ಕಟ್ಟುನಿಟ್ಟಿನ ಮಿತಿ ಬೇಕು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಕಿಕೊಟ್ಟ ಅಂದಾಜು. ಕಡಲ ನೀರಿನದು 35,000. ನಡುವಿನ ನೀರಾದರೆ ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ತಪ್ಪು ವಿಧಾನ. ನೀರು ಆರಿ ಉಪ್ಪು ಮೇಲ್ಪದರದಲ್ಲೇ ಕೂಡುತ್ತದೆ. ವಾರಕ್ಕೆರಡು ಸಲ ಧಾರಾಳವಾಗಿ, ಆಳಕ್ಕೆ ಇಳಿಯುವಂತೆ ಹಾಯಿಸಬೇಕು, ಉಪ್ಪು ಬೇರಿನ ಕೆಳಗೆ ಹೋಗಲಿ. ಇಂಥ ನೀರನ್ನು ಎಲೆಯ ಮೇಲೆ ಸ್ಪ್ರಿಂಕ್ಲರ್‌ನಲ್ಲಿ ಹಾರಿಸಲೇಬಾರದು; ಗಾಳಿ ಮಾಡುವ ಕೆಲಸವನ್ನು ನಾವೇ ಮಾಡಿದ ಹಾಗಾಗುತ್ತದೆ. ಸಪ್ಪೆ ನೀರು ಸಿಕ್ಕರೆ, ಅಕ್ಕಿ ತೊಳೆದದ್ದಾದರೂ ಸರಿ, ಎಳೆ ಗಿಡದ ಎಲೆಯನ್ನು ವಾರಕ್ಕೊಮ್ಮೆ ಬೆಳಗಿನ ಹೊತ್ತು ತೊಳೆದರೆ ಸಾಕು. ಮೂರನೆಯ ವರ್ಷದಿಂದ ಸುರಹೊನ್ನೆಗೆ ಈ ಸೇವೆ ಯಾವುದೂ ಬೇಡ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಆದ ಹಾಗೆ ತೆರೆಯೇ ಅಂಗಳಕ್ಕೆ ನುಗ್ಗಿದರೆ ಏನು ಮಾಡುವುದು? ನಿಂತ ನೀರನ್ನು ಮೊದಲು ಕಡಿದು ಹೊರಗೆ ಬಿಡಬೇಕು, ಆಮೇಲೆ ಸಪ್ಪೆ ನೀರು ಸಿಕ್ಕಷ್ಟು ಹಾಯಿಸಬೇಕು. ಎಲೆ ಉದುರಿತೆಂದು ಮರ ಕಡಿಯುವ ಅವಸರ ಬೇಡ, ಒಂದು ಮಳೆಗಾಲ ಕಾಯಬೇಕು. ಸುರಹೊನ್ನೆ, ಬುಗುರಿ, ಹೊಂಗೆ ಇಂಥ ನೆರೆಯನ್ನು ಅಲ್ಪಕಾಲ ತಾಳುತ್ತವೆ. ದಿನಗಟ್ಟಲೆ ಉಪ್ಪುನೀರು ನಿಲ್ಲುವ ತಗ್ಗಿಗೆ ಸುರಹೊನ್ನೆಯೂ ಅಲ್ಲ, ಅಲ್ಲಿ ಕಾಂಡ್ಲವೇ ಸರಿ.

ಕೊನೆಗೆ ಸಸಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕೇಳಿ ನೋಡಬಹುದು, ಖಾಸಗಿಯವರಲ್ಲಿ ಅಪರೂಪ. ಮಳೆಗಾಲದ ನಂತರದ ಹೂವು ಕಾಯಾಗಿ ಉದುರುವ ಹೊತ್ತಿಗೆ, ಚಳಿ ಮುಗಿಯುವಾಗ, ಹಳೆಯ ಮರದ ಬುಡಕ್ಕೆ ಹೋಗುವುದು ಸುಲಭದ ದಾರಿ. ಬಾವಲಿಗಳು ಮೇಲಿನ ತೊಗಲನ್ನು ಚೀಪಿ ಬೀಳಿಸಿದ ಬೀಜಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ನೀರಿಗೆ ಹಾಕಿ ತೇಲಿಸಿ ಆರಿಸುವ ಮಾಮೂಲಿ ಉಪಾಯ ಇಲ್ಲಿ ನಡೆಯದು, ಒಳ್ಳೆಯ ಬೀಜವೂ ತೇಲುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಳಗೆ ಒಣಗಿ ಗಡಗಡ ಎನ್ನುವುದನ್ನು ಬಿಡಿ. ಚಿಪ್ಪಿನ ಸಮೇತ ಹೂತರೆ ಮೊಳಕೆಗೆ ಎರಡು ತಿಂಗಳು ಹಿಡಿಯುತ್ತದೆ. ಚಿಪ್ಪನ್ನು ಮೆಲ್ಲಗೆ ಒಡೆದು ತಿರುಳಿಗೆ ಪೆಟ್ಟಾಗದಂತೆ ಪೂರ್ತಿ ಬಿಡಿಸಿದರೆ ಮೂರು ವಾರದಲ್ಲೇ ಏಳುತ್ತದೆ. ಹೊಯ್ಗೆ, ಮಣ್ಣು, ಗೊಬ್ಬರ ಬೆರೆಸಿದ ಆಳದ ಚೀಲದಲ್ಲಿ, ಅರೆನೆರಳಿನಲ್ಲಿ ಇಡಿ. ಬೇರು ಚೀಲದ ತಳದಲ್ಲಿ ಸುತ್ತಿಕೊಳ್ಳುವ ಮೊದಲೇ ನೆಲಕ್ಕೆ ಇಳಿಸಬೇಕು. ಫೆಬ್ರವರಿಯಲ್ಲಿ ಹಾಕಿದ್ದು ಆ ವರ್ಷದ ಜೂನ್‌ಗೆ ಇನ್ನೂ ಎಳೆಯದಾಗಿದ್ದರೆ ದೊಡ್ಡ ಚೀಲಕ್ಕೆ ಬದಲಿಸಿ, ಮುಂದಿನ ಮಳೆಗಾಲಕ್ಕೆ ನೆಡಿ. ಹತ್ತು ಬೀಜ ಹಾಕಿದವರ ಹತ್ತಿರ ಅಷ್ಟು ಹೊತ್ತಿಗೆ ಆರೇಳು ಗಿಡವಾದರೂ ಇರುತ್ತದೆ. ಅಂಗಳಕ್ಕೆ ಬೇಕಾದದ್ದು ಒಂದು. ಉಳಿದವನ್ನು ಪಂಚಾಯತಿನವರು ಶಾಲೆಯ ಬಯಲಿಗೋ ಮೀನು ಇಳಿಸುವ ದಕ್ಕೆಯ ಬದಿಗೋ ಕೇಳಿ ತೆಗೆದುಕೊಂಡಾರು. ಕೇಳದಿದ್ದರೆ ನೀವೇ ಕೊಟ್ಟು ಬನ್ನಿ, ಜೊತೆಗೆ ಒಂದು ಮಡಲಿನ ತಟ್ಟಿಯನ್ನೂ.